ಕುಣಿಯೊಳಗಿನ ಗಂಗವ್ವ

ಚೇತನಾಳ ಕಂಪ್ಯೂಟರು ಬಿಸಿಲಿಗೆ ಹೆದರುತ್ತಿತ್ತು. ಇಳಕಲ್ಲಿನಲ್ಲಿ ಹುಟ್ಟಿದವರು ಬಿಸಿಲಿಗೆ ಹೆದರುವುದಿಲ್ಲ, ಬೈಯುತ್ತಾರೆ ಅಷ್ಟೇ. ಆದರೆ ಈ ಯಂತ್ರ ಹುಬ್ಬಳ್ಳಿಯ ಅಂಗಡಿಯಲ್ಲಿ ಜೋಡಣೆಯಾಗಿ ಬಂದದ್ದು, ಅದಕ್ಕೆ ಈ ಊರಿನ ರೂಢಿ ಎಲ್ಲಿಂದ ಬರಬೇಕು? ಯುಗಾದಿ ದಾಟುವುದೇ ತಡ, ಮಧ್ಯಾಹ್ನವಾಯಿತೆಂದರೆ ಅದರ ಫ್ಯಾನು ಮೊದಲು ಗೊರಗೊರ ಅನ್ನುತ್ತಿತ್ತು, ಆಮೇಲೆ ಕುಂಯ್ ಅಂತ ಕಿರುಚುತ್ತಿತ್ತು, ಆಮೇಲೆ ಟಪ್ ಅಂತ ಪರದೆ ಕಪ್ಪಾಗುತ್ತಿತ್ತು. ಮುಕ್ಕಾಲು ಮುಗಿದಿದ್ದ ಯಾರದೋ ಮದುವೆ ಅಲ್ಲಿಗೆ ಗೋವಿಂದಾ ಗೋವಿಂದ.

ಮದುವೆ ಅಂದರೆ ಮದುವೆಯ ವಿಡಿಯೋ. ಚೇತನಾಳ ಗೆಳತಿ ಶಹನಾಜ ಹೆಗಲ ಮೇಲೆ ಕ್ಯಾಮೆರಾ ಹೊತ್ತು ಹುನಗುಂದ, ಬಾದಾಮಿ, ಕಲಾದಗಿ ಅಂತ ಮದುವೆ ಮನೆಗಳನ್ನು ಸುತ್ತುತ್ತಿದ್ದಳು. ಹೆಂಗಸರ ಅರಿಷಿಣ, ಹೆಂಗಸರ ಮೆಹಂದಿ ಹಿಡಿಯಲು ಹೆಂಗಸೇ ಬೇಕೆಂದು ಅವಳನ್ನು ಕರೆಯುವವರು ಬಹಳ. ಅವಳು ತಂದ ಟೇಪನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ, ವಧುವರರ ಸುತ್ತ ಗುಲಾಬಿ ಹಾರಿಸಿ ಸೀಡಿ ಮಾಡಿಕೊಡುವುದು ಚೇತನಾಳ ಕೆಲಸ. ಊರಲ್ಲಿ ಇದಕ್ಕೆ ಮಿಕ್ಸಿಂಗ್ ಅನ್ನುತ್ತಾರೆ. ಕತ್ತರಿಸುವಾಗ, ಜೋಡಿಸುವಾಗ ಯಂತ್ರ ಬಹಳ ತಕರಾರು ಮಾಡುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಇಡೀ ಮದುವೆಯನ್ನು ತಾನೊಂದೇ ಕೂತು ಒಂದು ಮಾಡಬೇಕಲ್ಲ, ಆಗ ತಾಸುಗಟ್ಟಲೆ ಬೆವರು ಸುರಿಸಬೇಕಾಗುತ್ತಿತ್ತು. ಪರದೆಯ ಮೇಲೆ ಒಂದು ನೀಲಿ ಪಟ್ಟಿ ಇರುವೆಯ ನಡಿಗೆಯಲ್ಲಿ ಸಾಗುತ್ತಿತ್ತು. ತಂಪು ಹೊತ್ತಿನಲ್ಲಿ ಮಾಡೋಣವೆಂದರೆ ಆಗ ಕರೆಂಟಿಲ್ಲ. ಅವರ ಓಣಿಗೆ ಕರೆಂಟ್ ಕೊಡುತ್ತಿದ್ದದ್ದು ನಡು ಮಧ್ಯಾಹ್ನದಲ್ಲಿ, ತಗಡಿನ ಮಾಡು ಕಾದು ಹಂಚಾಗುವ ಹೊತ್ತಿನಲ್ಲಿ.

ಆ ತಗಡಿನ ಕೋಣೆ ಚೇತನಾಳದಲ್ಲ, ಅವಳ ಅತ್ತೆ ರತ್ನವ್ವನದು. ಅದು ಮಗ್ಗದ ಕೋಣೆ. ನೆಲದಲ್ಲಿ ಮೊಣಕಾಲುದ್ದದ ಕುಣಿ. ಕುಣಿಯೊಳಗೆ ಕಾಲು ಇಳಿಬಿಟ್ಟು, ಅಂಚಿನ ಮೇಲೆ ಕೂತು, ರತ್ನವ್ವ ತನ್ನ ಹರೆಯವನ್ನೆಲ್ಲ ಸೀರೆ ನೇಯ್ದು ಕಳೆದಿದ್ದಳು. ಗಂಡ ಹೋದ ಮೇಲೂ ನೇಯ್ದಳು, ಮಗ ಹುಚ್ಚೇಶ ಗ್ರಾನೈಟ್ ಕಾರ್ಖಾನೆಗೆ ಕೆಲಸಕ್ಕೆ ಹೋದ ಮೇಲೂ ನೇಯ್ದಳು. ಕಡೆಗೆ ಮೊಣಕಾಲು ಕೈಕೊಟ್ಟವು. ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದರು. ಕುಣಿಯನ್ನು ಮಾತ್ರ ಅವಳು ತುಂಬಗೊಡಲಿಲ್ಲ. ಮೇಲೊಂದು ಕಲ್ಲು ಚಪ್ಪಡಿ ಹಾಸಿಸಿ, ಪ್ರತಿ ಸೋಮವಾರ ಅದರ ಮೇಲೆ ಎರಡು ಬೆರಳು ಕುಂಕುಮ ಇಟ್ಟು ಹೂವೇರಿಸುತ್ತಿದ್ದಳು. ಕೋಣೆಯನ್ನು ಸೊಸೆಗೆ ಕೊಟ್ಟದ್ದೂ ಒಪ್ಪಿ ಕೊಟ್ಟದ್ದಲ್ಲ, ಮಗನ ಮಾತು ಮೀರಲಾರದೆ ಕೊಟ್ಟದ್ದು.

ಆ ಕೋಣೆಯ ಮೇಲೆ ಇನ್ನೊಬ್ಬರ ಕಣ್ಣೂ ಇತ್ತು. ರತ್ನವ್ವನ ಮೈದುನ ಚಂದಪ್ಪ ಪವರ್‌ಲೂಮಿನ ಸಾವುಕಾರ. ಹೆಚ್ಚು ಮಾತಾಡುವ, ಕೆಟ್ಟವನಲ್ಲದ, ಆದರೆ ಖಾಲಿ ಜಾಗ ಕಂಡರೆ ಕೈ ತುರಿಸುವ ಮನುಷ್ಯ. ಎರಡು ಯಂತ್ರ ಹಾಕುತ್ತೇನೆ, ತಿಂಗಳಿಗೆ ಬಾಡಿಗೆ ಕೊಡುತ್ತೇನೆ ಅಂತ ಕೇಳಿದ್ದ.

"ವೈನಿ, ನಿಮ್ಮ ಸೊಸಿ ಪೆಟಿಗಿ ದಿನಾ ಮೂರ್ಛಿ ಹೋಗತೈತಿ. ಅದೇನ ಧಂದೆ ಅಂತೀರಿ? ನನ್ನ ಯಂತ್ರಕ್ಕ ನೆಲ ಸಿಮಿಟ್ ಆದ್ರ ಸಾಕು."

ರತ್ನವ್ವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಕಾರಹುಣ್ಣಿವಿ ತನಕ ನೋಡೂಣು," ಅಂದಳು. ಚೇತನಾ ಅದನ್ನು ಬಾಗಿಲ ಸಂದಿನಲ್ಲಿ ನಿಂತು ಕೇಳಿಸಿಕೊಂಡಳು. ಮಳೆಗಾಲದ ಮೊದಲ ಹಬ್ಬ ಕಾರಹುಣ್ಣಿಮೆಯೊಳಗೆ ಕಂಪ್ಯೂಟರು ನೆಟ್ಟಗಾಗದಿದ್ದರೆ ಕೋಣೆ ಚಂದಪ್ಪನದು. ಕೋಣೆ ಹೋದರೆ ಮಿಕ್ಸಿಂಗೂ ಹೋಯಿತು. ಮನೆಯ ಉಳಿದ ಜಾಗದಲ್ಲಿ ಒಲೆ, ಕೊಡ, ಹಾಸಿಗೆ ಬಿಟ್ಟು ಮೇಜಿಡಲು ಎಡೆಯಿರಲಿಲ್ಲ. ಮತ್ತೆ ಬೇರೆಯವರ ಮನೆಯ ರಾಟೆ ತಿರುಗಿಸಿ ನೂಲು ಸುತ್ತುವುದೇ ಗತಿ. ಮದುವೆಗೆ ಮುಂಚೆ ಅದನ್ನೇ ಮಾಡಿ ಸಾಕಾಗಿ, ಹಟ ಹಿಡಿದು ಬಾಗಲಕೋಟೆಗೆ ಓಡಾಡಿ ಕಂಪ್ಯೂಟರು ಕಲಿತವಳು ಅವಳು.

ದಾರಿ ತೋರಿಸಿದವನು ಹುಚ್ಚೇಶ, ಅದೂ ತಿಳಿಯದೆ. ಅವನ ಕಾರ್ಖಾನೆಯಲ್ಲಿ ಕೆಂಪು ಕಲ್ಲಿನ ದಿಮ್ಮಿ ಕೊಯ್ಯುವಾಗ ಗರಗಸದ ಮೇಲೆ ಸದಾ ನೀರು ಸುರಿಯುತ್ತಿರಬೇಕು. ರೊಟ್ಟಿ ಮುರಿಯುತ್ತ ಹೇಳಿದ:

"ನೀರ ಬಂದ ಮಾಡಿದ್ರ ನಮ್ಮ ಬ್ಲೇಡು ಕೆಂಪಗಾಗಿ ಸುಟ್ಟ ಹೋಗತೈತಿ. ನಿನ್ನ ಪೆಟಿಗಿಗೂ ಯಾರರ ನೀರ ಹನಿಸಬೇಕ ನೋಡು."

ಅವನು ನಗೆಚಾಟಿಕೆಗೆ ಹೇಳಿದ. ಮರುದಿನ ಚೇತನಾ ಆ ಮಾತನ್ನು ಶಹನಾಜಳಿಗೆ ಹೇಳಿದರೆ ಅವಳು ನಗಲಿಲ್ಲ. "ಏ, ಖರೇನ ಹಂಗ ಮಾಡ್ತಾರ! ಬಾಗಲಕೋಟಿ ಸೈಬರಿನ್ಯಾಗ ಒಂದ ಪುಸ್ತಕದಾಗ ನೋಡೇನಿ. ನೀರ ಒಳಗ ಹೋಗತೈತಿ, ಬಿಸಿ ಹೊತ್ಕೊಂಡ ಹೊರಗ ಬರತೈತಿ, ಆರಿ ಮತ್ತ ಒಳಗ ಹೋಗತೈತಿ. ಲೂಪ್ ಅಂತಾರ ಅದಕ್ಕ."

ಮತ್ತೆ ಶಹನಾಜಳ ಅಪ್ಪ ಯಾರು? ರಾಜಮಹ್ಮದ, ಹೆದ್ದಾರಿಯ ಬದಿಯಲ್ಲಿ ಲಾರಿಗಳ ರೇಡಿಯೇಟರ್ ರಿಪೇರಿ ಮಾಡುವವನು. ಕಲ್ಲು ಹೊತ್ತ ಲಾರಿಗಳು ಕಾದು ಹೊಗೆಯುಗುಳುತ್ತ ಅವನ ಅಂಗಡಿಯ ಮುಂದೆ ಬಂದು ನಿಲ್ಲುತ್ತಿದ್ದವು. ಕಂಪ್ಯೂಟರಿಗೆ ರೇಡಿಯೇಟರ್ ಬೇಕೆಂದು ಇಬ್ಬರು ಹುಡುಗಿಯರು ಎದುರು ಬಂದು ನಿಂತಾಗ ಅವನು ಬೀಡಿ ಕೆಳಗಿಟ್ಟ.

"ನೋಡವಾ ತಂಗಿ, ಲಾರಿ ನೀರ ನನಗ ಗೊತ್ತು. ಕಂಪ್ಯೂಟರ್ ನನಗ ಗೊತ್ತಿಲ್ಲ. ಯಾವುದು ಎಲ್ಲಿ ಬರಬೇಕು ಅಂತ ನೀ ನಕಾಶಿ ಬರಕೊಂಡ ಬಾ. ಬೆಸಿಗಿ ಹಾಕೂದು ನನ್ನ ಕೆಲಸ."

ನಕಾಶೆಯೇ ಕಷ್ಟದ ಕೆಲಸ. ಸೀರೆಯ ಅಂಚಿನ ವಿನ್ಯಾಸ ಬರೆಯುವ ಚೌಕಳಿ ಕಾಗದ ಮನೆಯಲ್ಲೇ ಇತ್ತು. ಅದನ್ನು ಹಾಸಿಕೊಂಡು ಚೇತನಾ ಕೂತಳು. ಬೇಕಾದವು ನಾಲ್ಕೇ ಸಾಮಾನು: ನೀರು ತುಂಬಿದ ಪಾತ್ರೆ, ಆ ನೀರೆತ್ತಲು ಏರ್‌ಕೂಲರಿನ ಪುಟ್ಟ ಪಂಪು, ಯಂತ್ರದ ಬಿಸಿ ಎದೆಯ ಮೇಲೆ ಕೂರುವ ತಾಮ್ರದ ಡಬ್ಬಿ, ನೀರನ್ನು ಆರಿಸಲು ಹಳೆ ವ್ಯಾನೊಂದರ ಸಣ್ಣ ರೇಡಿಯೇಟರ್. ಇವನ್ನು ಜೋಡಿಸಲು ಗೋಡೆ ಕಟ್ಟುವ ಗವಂಡಿಗಳು ಮಟ್ಟ ನೋಡುವ ಬಿಳಿ ಪೈಪು. ಹೇಳುವುದಕ್ಕೆ ಇಷ್ಟೇ. ಎಲ್ಲಿಡಬೇಕು ಅಂತ ಕೂತರೆ ತಲೆ ಗಿರ್ ಅನ್ನುತ್ತಿತ್ತು.

ಮೊದಲು ಪಾತ್ರೆಯನ್ನು ಮೇಲಿನ ಗೂಡಿನಲ್ಲಿಟ್ಟು ಬರೆದಳು. ಶಹನಾಜ ಇಣುಕಿ, "ಒಂದ ಪೈಪ್ ಕಿತ್ತರ ನಿನ್ನ ಕಂಪ್ಯೂಟರಿಗೆ ಅಭ್ಯಂಜನ," ಅಂದಳು. ಆ ಹಾಳೆ ಮುದುರಿತು. ಆಮೇಲೆ ಕಿಟಕಿಯ ಹೊರಗಿಟ್ಟು ಬರೆದಳು. ಹೊರಗೆ ಬಿಸಿಲು, ನಾಯಿ, ಓಣಿಯ ಹುಡುಗರ ಕೈ. ಅದೂ ಮುದುರಿತು. ಮೇಜಿನ ಪಕ್ಕ ನೆಲದ ಮೇಲೆ ಬರೀ ಒಂದು ಪಾತ್ರೆ ನೀರಿಟ್ಟು ನೋಡಿದರೆ ಸಂಜೆಯೊಳಗೆ ಕೋಣೆಯ ಧಗೆಗೇ ಅದು ಕಾದು ಸ್ನಾನಕ್ಕೆ ಬರುವಂತಾಯಿತು. ಪೈಪು ಗಕ್ಕನೆ ತಿರುಗಿದ ಕಡೆ ಮಡಚಿ ಉಸಿರು ಕಟ್ಟುತ್ತಿತ್ತು. ತಿರುವು ದುಂಡಗಿರಬೇಕು, ದಾರಿ ಸಣ್ಣದಿರಬೇಕು, ನೀರಿರುವ ಜಾಗ ತಂಪಿರಬೇಕು. ಆ ಕೋಣೆಯಲ್ಲಿ ತಂಪಿನ ಜಾಗ ಒಂದೇ ಒಂದು, ಅದರ ಮೇಲೆ ಅವಳು ದಿನವೂ ಓಡಾಡುತ್ತಿದ್ದಳು. ಚಪ್ಪಡಿ ಸ್ವಲ್ಪ ಸರಿಸಿ ಕೈಯಿಟ್ಟು ನೋಡಿದಳು. ಮೇಲೆ ಬೆಂಕಿ ಉರಿಯುತ್ತಿದ್ದರೂ ಕುಣಿಯೊಳಗೆ ಮಣ್ಣಿನ ಹರವಿಯ ಹೊಟ್ಟೆಯ ಹಾಗೆ ತಣ್ಣಗಿತ್ತು.

ಕೇಳುವುದು ಹೇಗೆ? ಸೋಮವಾರ ಹೂವೇರುವ ಜಾಗದಲ್ಲಿ ಕೂಲರ್ ಪಂಪು ಇಡುತ್ತೇನೆ ಅನ್ನುವುದೇ? ಚೇತನಾ ಅತ್ತೆಯ ಹತ್ತಿರ ಅಷ್ಟಾಗಿ ಮಾತಾಡಿದವಳೂ ಅಲ್ಲ. ಜಗಳವೇನಿರಲಿಲ್ಲ, ಸಲಿಗೆಯೂ ಇರಲಿಲ್ಲ. ಉಪ್ಪು, ಎಣ್ಣೆ, ನೀರು ಬಂತು, ನೀರು ಹೋಯಿತು, ಇಷ್ಟರಲ್ಲಿ ಅವರ ದಿನ ಮುಗಿಯುತ್ತಿತ್ತು. ಗಂಡನ ಕೈಯಲ್ಲಿ ಕೇಳಿಸೋಣವೆಂದರೆ ಅವನು, "ಅದ ನಿಮ್ಮಿಬ್ಬರ ಸರಹದ್ದು, ನಾ ಬರಂಗಿಲ್ಲ," ಅಂತ ಜಾರಿಕೊಂಡ. ಕಡೆಗೆ ಒಂದು ಮುಂಜಾನೆ, ಅತ್ತೆ ಜೋಳ ಹಸನು ಮಾಡುತ್ತ ಕೂತಿದ್ದಾಗ, ಧೈರ್ಯ ಮಾಡಿ ಬಾಯಿಬಿಟ್ಟಳು.

ರತ್ನವ್ವನ ಕೈ ಮೊರದ ಮೇಲೆ ನಿಂತಿತು. ಆಮೇಲೆ ಕಲ್ಲು ಆರಿಸುತ್ತಲೇ ಅಂದಳು:

"ಕುಣಿ ಖಾಲಿ ಇಡಬಾರದು. ಇಟ್ಟಕೊ ಏನಿಡತಿ. ಚಪ್ಪಲ ಮೆಟ್ಟಿ ಇಳೀಬ್ಯಾಡ, ಅಷ್ಟ."

ಅವಳು ಎದ್ದು ಹೋಗಿ, ಬಚ್ಚಲ ಮೂಲೆಯಿಂದ ಬಾಯಿ ಅಗಲದ ತಾಮ್ರದ ಕೊಡ ತಂದು ಹುಣಸೆಹಣ್ಣು ಹಚ್ಚಿ ತಿಕ್ಕಿದಳು. "ಪ್ಲಾಸ್ಟಿಕ್ ಬಕೀಟ ಬ್ಯಾಡ ಅಲ್ಲಿ. ಇದು ನನ್ನ ತವರಮನಿದು." ಚೇತನಾ ಎರಡೂ ಕೈಯಲ್ಲಿ ಕೊಡ ತೆಗೆದುಕೊಂಡಳು. ನೀರು ಎಲ್ಲಿಗೆ ಹೋಗುತ್ತದೆ, ಹೇಗೆ ತಿರುಗಿ ಬರುತ್ತದೆ, ಯಾವುದನ್ನೂ ವಿವರಿಸಲಿಲ್ಲ. ಅತ್ತೆಗೆ ಅದರಿಂದ ಏನಾಗಬೇಕು ಅಂದುಕೊಂಡಳು.

ನಕಾಶೆ ಮುಗಿಯಿತು. ಚಪ್ಪಡಿ ಒಂದಿಷ್ಟು ಸರಿಸಿಟ್ಟ ಕುಣಿಯ ನಟ್ಟನಡುವೆ ಮುಚ್ಚಳ ಹಾಕಿದ ಕೊಡ, ಕೊಡದಲ್ಲಿ ಪಂಪು, ಅಲ್ಲಿಂದ ಪೈಪು ಮೇಜಿನ ಕಾಲಿಗೆ ಸುತ್ತಿ ಮೇಲೇರಿ ತಾಮ್ರದ ಡಬ್ಬಿಗೆ, ಡಬ್ಬಿಯಿಂದ ಉತ್ತರದ ಕಿಟಕಿಯ ನೆರಳಲ್ಲಿದ್ದ ರೇಡಿಯೇಟರಿಗೆ, ಅಲ್ಲಿಂದ ದುಂಡಗೆ ಬಾಗಿ ಮತ್ತೆ ಕುಣಿಗೆ. ರಾಜಮಹ್ಮದ ಡಬ್ಬಿಯೊಳಗೆ ತೆಳ್ಳನೆಯ ತಾಮ್ರದ ಪಟ್ಟಿಗಳನ್ನು ಬಾಚಣಿಗೆಯ ಹಲ್ಲಿನ ಹಾಗೆ ನಿಲ್ಲಿಸಿ, ನಡುನಡುವೆ ನೀರು ನುಸುಳುವಷ್ಟು ಜಾಗ ಬಿಟ್ಟು ಬೆಸೆದುಕೊಟ್ಟ. ಮೊದಲ ಸಲ ಕಂಪ್ಯೂಟರು ಹಚ್ಚದೆ ಬರೀ ನೀರು ಬಿಟ್ಟು ನೋಡಿದರು. ಒಂದು ಕಡೆ ಸೋರಿತು, ಬಿಗಿದರು. ಆಮೇಲೆ ಎಲ್ಲರೂ ಉಸಿರು ಹಿಡಿದು ಯಂತ್ರ ಹಚ್ಚಿದರು. ನೀಲಿ ಪಟ್ಟಿ ತೆವಳಿತು, ತೆವಳಿತು, ತುದಿ ಮುಟ್ಟಿತು! ಮರೋಳದ ಒಂದು ಮದುವೆ, ಐಹೊಳೆಯ ಒಂದು ಸೀಮಂತ, ಎರಡೂ ಬಿಸಿಲ ನೆತ್ತಿಯಲ್ಲೇ ಸೀಡಿಯಾದವು. ಶಹನಾಜ ಓಣಿಯಲ್ಲೇ ಕುಣಿದಾಡಿದಳು.

ಸುದ್ದಿ ಕೇಳಿ ಚಂದಪ್ಪನೂ ಬಂದ, ಮಗಳು ಸುನಿತಾಳ ಮದುವೆಯ ಟೇಪು ಹಿಡಿದುಕೊಂಡು. ಮದುವೆ ಬಾದಾಮಿಯಲ್ಲಿ ಆಗಿತ್ತು, ಹಿಡಿದವಳು ಶಹನಾಜಳೇ. "ಕಾರಹುಣ್ಣಿವಿಗೆ ಬಾದಾಮಿ ಬೀಗರು ಊಟಕ್ಕ ಬರಾಕತ್ತಾರ. ಅಂಗಳದಾಗ ಟೀವಿ ಇಟ್ಟು ತೋರಸಾಂವ ನಾ. ಮಾಡಿಕೊಟ್ರ ಕೋಣಿ ಸುದ್ದಿ ಮತ್ತ ತಗ್ಯಾಂಗಿಲ್ಲ. ಕೈ ಎತ್ತಿದ್ರ ವೈನಿ, ನಾಳಿಂದಾನ ಸಿಮಿಟ್." ಚೇತನಾ ಗೆದ್ದವಳ ಹಾಗೆ ಟೇಪು ಇಸಿದುಕೊಂಡಳು.

ಅದೇ ವಾರ ಫ್ಯಾನು ಮತ್ತೆ ಗೊರಗೊರ ಅನ್ನತೊಡಗಿತು.

ಸುನಿತಾಳ ಮದುವೆ ಅರ್ಧಕ್ಕೆ ಬಂದಿತ್ತು, ಟಪ್. ಮರುದಿನ ಇನ್ನೂ ಮೊದಲೇ, ಅಕ್ಷತೆ ಬೀಳುವುದರೊಳಗೇ, ಟಪ್. ಪಂಪು ತಿರುಗುತ್ತಿತ್ತು, ರೇಡಿಯೇಟರ್ ಮಾತ್ರ ತಣ್ಣಗೇ ಇತ್ತು, ಬಿಸಿ ನೀರು ಡಬ್ಬಿ ದಾಟಿ ಅಲ್ಲಿಗೆ ಬರುತ್ತಲೇ ಇರಲಿಲ್ಲ. ಪೈಪಿನೊಳಗಿನ ನೀರು ಹಳದಿಗಟ್ಟಿದ್ದನ್ನು ಅವಳು ಕೆಲವು ದಿನದಿಂದ ನೋಡಿದ್ದಳು. ಊರ ಬೋರಿನ ನೀರಿಗೆ ಯಾವ ಬಣ್ಣ ಬಂದರೂ ಯಾರೂ ಬೆರಗಾಗುವುದಿಲ್ಲವಾದ್ದರಿಂದ ಅವಳೂ ಆಗಿರಲಿಲ್ಲ. ಹುಣ್ಣಿಮೆ ಬಾಗಿಲಿಗೆ ಬಂದಿತ್ತು. ಡಬ್ಬಿಯನ್ನು ಬಿಚ್ಚಿ, ಚೀಲದಲ್ಲಿ ಹಾಕಿಕೊಂಡು, ಬಿಸಿಲಲ್ಲೇ ಹೆದ್ದಾರಿಗೆ ಹೊರಟಳು.

ರಾಜಮಹ್ಮದ ಬೆಸುಗೆ ಕರಗಿಸಿ ಮುಚ್ಚಳ ಎತ್ತಿದ. ಒಳಗೆ ನೋಡಿದ. ಶಹನಾಜಳನ್ನು ಕರೆದು ತೋರಿಸಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ತಂಗೀ, ನಿನ್ನ ಕಂಪ್ಯೂಟರಿಗೆ ಯಾರೋ ಲಗ್ನ ಮಾಡ್ಯಾರವಾ!"

ತಾಮ್ರದ ಹಲ್ಲುಗಳ ನಡುವೆ ಅರಿಷಿಣ ರಾಡಿಯಾಗಿ ಕೂತಿತ್ತು. ಅದರೊಳಗೆ ಕುಂಕುಮದ ಗೆರೆ, ಉಬ್ಬಿ ಒಡೆದ ಅಕ್ಕಿ ಕಾಳು, ಒಂದು ಚೂರು ಕಣಗಿಲೆ ಎಸಳು. ನೀರಿಗೆ ನುಸುಳಲು ಸಂದೇ ಇರಲಿಲ್ಲ. ಶಹನಾಜಳೂ ನಕ್ಕಳು. ಚೇತನಾ ನಗಲಿಲ್ಲ, ಅವಳ ಮುಖ ಕಪ್ಪಿಟ್ಟಿತು. ಆ ಕುಣಿಗೆ ಕೈಹಾಕುವವರು ಮನೆಯಲ್ಲಿ ಇನ್ನಾರು? ಮುಂಜಾನೆ ಕೊಡದ ಮುಚ್ಚಳ ಸರಿದಿರುತ್ತಿದ್ದದ್ದು ನೆನಪಾಯಿತು. ಚಂದಪ್ಪ ಬಂದಾಗಲೆಲ್ಲ ಅತ್ತೆ ಹೂಂ ಊಹೂಂ ಎರಡೂ ಅನ್ನದೆ ಕೂತದ್ದು ನೆನಪಾಯಿತು. ಬೇಡ ಅನ್ನುವುದಿದ್ದರೆ ಬಾಯಲ್ಲಿ ಅನ್ನಬಹುದಿತ್ತಲ್ಲ! ತವರಿನ ಕೊಡ ಕೊಟ್ಟು, ಬೆನ್ನ ಹಿಂದೆ ಹೀಗೆ ಮಾಡುವುದೇ? ಆ ರಾಡಿಯನ್ನು ಅಕ್ಕಿ ಸಮೇತ ಬೆರಳಲ್ಲಿ ಕೆದರಿ ಮುಷ್ಟಿಯಲ್ಲಿ ಹಿಡಿದಳು. ಇದನ್ನು ಅತ್ತೆಯ ಎದುರು ಬೀಸಿ ಒಗೆದು, ಇವತ್ತು ಒಂದು ಇತ್ಯರ್ಥ ಮಾಡಿಯೇ ಬಿಡುತ್ತೇನೆ ಅಂತ ಮನೆಯ ಕಡೆ ದಾಪುಗಾಲು ಹಾಕಿದಳು. ಡಬ್ಬಿಯನ್ನು ತೊಳೆದು, ಬೆಸೆದು ತರುತ್ತೇನೆ ಅಂತ ಶಹನಾಜ ಹಿಂದಿನಿಂದ ಕೂಗಿದ್ದು ಅವಳ ಕಿವಿಗೆ ಬೀಳಲಿಲ್ಲ.

ಹೊಸ್ತಿಲಲ್ಲಿ ಚಂದಪ್ಪನ ಚಪ್ಪಲಿ ಇದ್ದವು. ಒಳಗೆ ಅವನ ದನಿ ಕೇಳುತ್ತಿತ್ತು, ಚೇತನಾ ಬಾಗಿಲ ಹೊರಗೇ ನಿಂತಳು. ಆ ಮನೆಯ ಸುದ್ದಿಯೆಲ್ಲ ಅವಳಿಗೆ ತಿಳಿಯುತ್ತಿದ್ದದ್ದು ಬಾಗಿಲ ಸಂದಿನಿಂದಲೇ, ಏನು ಮಾಡುವುದು.

"ಮತ್ತ ಮಲಗೇತಂತಲ್ಲ ವೈನಿ, ಪೆಟಿಗಿ. ಗವಂಡಿನ್ನ ಕರಕೊಂಡ ಬಂದೇನಿ, ಅಳತಿ ತಗೊಂಡ ಹೋಗಲಿ. ಈ ಕುಣಿ ಮೊದಲ ತುಂಬಿಸಬೇಕು."

"ಬ್ಯಾಡ ಚಂದಪ್ಪಾ," ರತ್ನವ್ವನ ದನಿ. "ಕುಣಿ ನಡದೈತಿ. ನಡಿಯೂ ಕುಣಿ ಮುಚ್ಚಬಾರದು."

"ಎಲ್ಲಿ ನಡದೈತಿ? ನಿಂತೈತೆಲ್ಲ."

"ನಿಂತ್ರ ಇಂದಲ್ಲ ನಾಳಿ ನಡೀತೈತಿ. ನನ್ನ ಮಗ್ಗ ಎಷ್ಟ ಸಲ ನಿಂತಿತ್ತು, ಎಳಿ ಹರದಿತ್ತು, ಮುಚ್ಚಿದ್ನೇನು? ನನ್ನ ಸೊಸಿ ಅದರಾಗ ಗಂಗವ್ವನ್ನ ಇಳಿಸ್ಯಾಳ. ದಿನಾ ಮುಂಜಾನೆದ್ದು ಆಕಿಗೆ ಅರಿಷಿಣ ಕುಂಕಮ ಏರಿಸಿ, ನಾಕ ಅಕ್ಕಿಕಾಳ ಬಿಟ್ಟ ಬೇಡಕೊಳ್ಳತೇನಿ, ಹುಡಿಗಿ ಕೆಲಸ ಕೆಡಸಬ್ಯಾಡ ತಾಯಿ ಅಂತ. ಆಕಿ ಕೈ ಬಿಡಂಗಿಲ್ಲ. ನೀ ಗವಂಡಿನ್ನ ಕರಕೊಂಡ ನಡಿ."

ಚೇತನಾ ಮುಷ್ಟಿಯನ್ನು ಬೆನ್ನ ಹಿಂದಕ್ಕೆ ಒಯ್ದಳು. ಬಾಯಲ್ಲಿ ತುಂಬಿಟ್ಟುಕೊಂಡು ಬಂದ ಮಾತುಗಳೆಲ್ಲ ಎಲ್ಲಿ ಹೋದವೋ. ನಾಚಿಕೆಯಾಯಿತು ಅವಳಿಗೆ, ಬಿಸಿಲಿಗಿಂತ ಹೆಚ್ಚು ಸುಡುವ ನಾಚಿಕೆ. ಚಂದಪ್ಪ ಗೊಣಗುತ್ತ ಹೊರಗೆ ಬಂದು, "ಹುಣ್ಣಿವಿಗೆ ಸೀಡಿ ಮರೀಬ್ಯಾಡ್ರಿ ಮತ್ತ, ಬೀಗರ ಮುಂದ ನನ್ನ ಮಾನದ ಪ್ರಶ್ನೆ," ಅಂತ ಅವಳಿಗೆ ಹೇಳಿ, ಗವಂಡಿಯನ್ನು ಕರೆದುಕೊಂಡು ಹೋದ.

ಅವಳು ಒಳಗೆ ಹೋದಳು. ರತ್ನವ್ವ ಚಪ್ಪಡಿಯ ಪಕ್ಕ ಕಾಲು ಚಾಚಿ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದಳು. "ಏನಾಗಿತ್ತವಾ ಅದಕ್ಕ?" ಅಂದಳು. ಚೇತನಾ ಮುಷ್ಟಿಯನ್ನು ಸೆರಗಿನಲ್ಲಿ ಮರೆಮಾಡಿ, "ಏನಿಲ್ರಿ ಅತ್ತಿ, ಕಸ ಸಿಕ್ಕಿತ್ತು," ಅಂದಳು. ಆದರೆ ಅರಿಷಿಣ ಬಿಡುತ್ತದೆಯೇ? ಬೆರಳ ಸಂದಿನಿಂದ ಹಳದಿ ನೀರು ಇಳಿದು ಮಣಿಕಟ್ಟಿನ ತನಕ ಬಂದಿತ್ತು. ರತ್ನವ್ವ ಅವಳ ಕೈ ಹಿಡಿದು ಮುಷ್ಟಿ ಬಿಡಿಸಿದಳು. ಅಂಗೈಯಲ್ಲಿದ್ದ ಅಕ್ಕಿ ಕಾಳುಗಳನ್ನು ನೋಡಿದಳು.

"ಇದು ನಾ ಹಾಕಿದ್ದು."

ಚೇತನಾ ಕೈ ಹಿಂದಕ್ಕೆಳೆಯಲು ನೋಡಿದಳು, ರತ್ನವ್ವ ಬಿಡಲಿಲ್ಲ.

"ಇದರಿಂದಾನ ನಿಂತತೇನು?"

"ಹೌದ್ರಿ."

ರತ್ನವ್ವನ ಮುಖ ಬಿಳಿಚಿಕೊಂಡಿತು. "ನಾನ ಕೆಡಿಸಿದ್ನೆವ್ವಾ! ಹರಕೊಂಡ ಹೋಗತೈತಿ ಅನಕೊಂಡಿದ್ದೆ. ಹೊಳ್ಯಾಗ ಬಿಟ್ಟದ್ದ ಹರಕೊಂಡ ಹೋಗಂಗಿಲ್ಲೇನು? ಕರೆಂಟ್ ನೀರ ಎಳಕೋತೈತಿ, ಆಚಿ ಕಿಟಕ್ಯಾಗಿಂದ ಹೊರಗ ಬೀಳತೈತಿ ಅಂತಿದ್ದೆ ನಾ. ಮತ್ತ ಕೊಡ ಯಾಕ ಬರಿದಾಗವಲ್ದು ಅಂತ ಕೇಳಬೇಕಂತಿದ್ದೆ. ನೀ ಏನ ಅಂತೀಯೋ ಅಂತ ಸುಮ್ಮನಾದೆ."

"ಹೊರಗ ಬೀಳಂಗಿಲ್ರಿ ಅತ್ತಿ. ಅದ ನೀರ ತಿರುಗಿ ಕೊಡಕ್ಕ ಬರತೈತಿ. ಲೂಪ್ ಅಂತಾರ." ಚೇತನಾ ಚೌಕಳಿ ಕಾಗದ ತಂದು ಹಾಸಿ, ಬೆರಳಿಟ್ಟು ನೀರಿನ ದಾರಿ ತೋರಿಸಿದಳು. ಮದುವೆಯಾಗಿ ಬಂದ ಮೇಲೆ ಅತ್ತೆಗೆ ತನ್ನ ಕೆಲಸದ ಬಗ್ಗೆ ಅವಳು ಇಷ್ಟು ಮಾತಾಡಿದ್ದು ಇದೇ ಮೊದಲು. ರತ್ನವ್ವ ತಾನೂ ಬೆರಳಿಟ್ಟು ಒಂದು ಸುತ್ತು ಬಂದಳು. ಹೊರಟಲ್ಲಿಗೇ ಬಂದಾಗ ಬೆರಳು ನಿಂತಿತು.

"ಕೊಂಡಿ ಅಲ್ಲಾ ಇದು?" ಅಂದಳು.

ಇಳಕಲ್ ಸೀರೆ ನೇಯುವವರಿಗೆ ಕೊಂಡಿಯೆಂದರೆ ಉಸಿರಿದ್ದಂತೆ. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕುಣಿಕೆಯಂತೆ ಸುತ್ತಿ ಸಿಕ್ಕಿಸಿ ಕೊಂಡಿ ಹಾಕಿದರೆ ಮಾತ್ರ ಸೀರೆಗೆ ಸೆರಗು ಕೂಡುತ್ತದೆ. ಓಣಿಯಲ್ಲಿ ರತ್ನವ್ವನ ಕೊಂಡಿಗೆ ಹೆಸರಿತ್ತು.

"ಕೊಂಡಿ ಅಂದಿದ್ರ ನನಗ ಅವತ್ತ ತಿಳೀತಿತ್ತಲ್ಲವಾ. ಕೊಂಡ್ಯಾಗ ಒಂದ ಕಸ ಕೂತ್ರ ಸೀರಿ ಮುಗಿಯೂ ತನಕ ಕಾಡತೈತಿ. ನಾ ಕೈ ಹಾಕತಿದ್ನೇನು?"

"ಹೇಳಬೇಕಿತ್ತರಿ ನಾ," ಅಂದಳು ಚೇತನಾ. "ನಿಮಗ ತಿಳಿಯಂಗಿಲ್ಲ ಅನಕೊಂಡೆ." ಮುಷ್ಟಿಯಲ್ಲಿ ಹಿಡಿದು ತಂದದ್ದು ಒಗೆಯುವುದಕ್ಕೆಂದು ಮಾತ್ರ ಹೇಳಲಿಲ್ಲ. ಕೆಲವನ್ನು ಹೇಳದಿರುವುದೇ ಒಳ್ಳೆಯದು, ನಾವೂ ಅವಳನ್ನು ಒತ್ತಾಯಿಸುವುದು ಬೇಡ. ರತ್ನವ್ವ ಅವಳ ಅಂಗೈಯನ್ನು ತನ್ನ ಸೆರಗಿನಲ್ಲಿ ಒರೆಸಿ, ಆ ಅಕ್ಕಿ ಕಾಳುಗಳನ್ನು ಅಂಗಳದ ಗಿಡದ ಬುಡಕ್ಕೆ ಹಾಕಿ ಬಂದಳು.

ಕೊಡ ತೊಳೆದು, ಪೈಪು ಜಾಲಿಸಿ, ಎಲ್ಲವನ್ನೂ ಮತ್ತೆ ಜೋಡಿಸಬೇಕಿತ್ತು. ಇದ್ದ ಹಾಗೆಯೇ ಜೋಡಿಸಿದ್ದರೆ ನಡೆಯುತ್ತಿತ್ತು. ಆದರೆ ಚೇತನಾ ಹೊಸ ಹಾಳೆ ತೆಗೆದಳು. ಸಂಜೆ ಶಹನಾಜ ಬೆಸೆದ ಡಬ್ಬಿ ಹಿಡಿದು ಬಂದಾಗ ನಕಾಶೆ ಮುಗಿದಿತ್ತು. ಹೊಸದರಲ್ಲಿ ಕೊಡಕ್ಕೆ ಬಟ್ಟೆ ಕಟ್ಟಿದ ಬಿಗಿ ಮುಚ್ಚಳ. ಕುಣಿಯ ಗೋಡೆಯ ಗೂಡಿನಲ್ಲಿ ಬೇರೆ ಒಂದು ಗಿಂಡಿ ನೀರು, ರತ್ನವ್ವನ ಅರಿಷಿಣ ಕುಂಕುಮಕ್ಕೆ. ಇಷ್ಟು ಶಹನಾಜಳಿಗೆ ತಿಳಿಯಿತು. ತಿಳಿಯದ್ದು ಇನ್ನೊಂದು. ಕೊಡ ನಡುವಿನಿಂದ ಹಿಂದಿನ ಮೂಲೆಗೆ ಸರಿದಿತ್ತು, ಪೈಪು ಗೋಡೆ ಹಿಡಿದು ಸುತ್ತು ಹಾಕಿ ಬರುತ್ತಿತ್ತು, ಕುಣಿಯ ಮುಂದಿನ ಅರ್ಧ ಪೂರ್ತಿ ಖಾಲಿ ಇತ್ತು.

"ಏ ಹುಚ್ಚಿ, ದಾರಿ ಸಣ್ಣದಿರಬೇಕು ಅಂತ ನೀನ ಅಂತಿದ್ದಿ. ಇಷ್ಟ ಜಾಗಾ ಖಾಲಿ ಬಿಟ್ಟು ಪೈಪ್ ಯಾಕ ಬೆಳಿಸಿದಿ?"

"ಕಾಲಿಗೆ," ಅಂದಳು ಚೇತನಾ.

ಶಹನಾಜ ಕಣ್ಣು ಮಿಟುಕಿಸಿ ನೋಡಿದಳು, ಆಮೇಲೆ ಒಳಗೆ ರೊಟ್ಟಿ ಬಡಿಯುತ್ತಿದ್ದ ರತ್ನವ್ವನ ಕಡೆ ನೋಡಿದಳು. ಮತ್ತೆ ಏನೂ ಕೇಳದೆ ಪೈಪು ಅಳೆಯಲು ಕೂತಳು.

ಹುಣ್ಣಿಮೆಯ ಹಿಂದಿನ ದಿನ ಮಧ್ಯಾಹ್ನ ಕರೆಂಟ್ ಬಂತು. ಚೇತನಾ ಚಪ್ಪಡಿಯನ್ನು ಸರಿಸಿ ಗೋಡೆಗೆ ನಿಲ್ಲಿಸಿ, ಕುಣಿಯ ಅಂಚಿಗೆ ಹಳೆ ಕೌದಿ ಮಡಚಿ ಹಾಕಿದಳು. "ಬರ್ರಿ ಅತ್ತಿ, ಕೂಡ್ರಿ," ಅಂದಳು. ರತ್ನವ್ವ ಕೌದಿಯನ್ನು ನೋಡಿದಳು, ಖಾಲಿ ಬಿಟ್ಟ ಜಾಗವನ್ನು ನೋಡಿದಳು, ಸೊಸೆಯ ಮುಖ ನೋಡಿದಳು. ಗೋಡೆ ಹಿಡಿದು, ಅಯ್ಯಯ್ಯೋ ಶಿವನೇ ಅನ್ನುತ್ತ ಮೆಲ್ಲಗೆ ಕೂತು, ಒಂದೊಂದೇ ಕಾಲನ್ನು ಕುಣಿಯೊಳಗೆ ಇಳಿಬಿಟ್ಟಳು. ಎಷ್ಟು ವರ್ಷವಾಗಿತ್ತೋ! ಕೆಳಗೆ ಮಣ್ಣು ಅದೇ ತಂಪಿನಲ್ಲಿತ್ತು. ಗೂಡಿನ ಗಿಂಡಿಯಲ್ಲಿ ಕಣಗಿಲೆ ಹೂವು ತೇಲುತ್ತಿತ್ತು. ಪಂಪಿನ ಗುಂಯ್ ಸದ್ದು ಮಣ್ಣಿನೊಳಗಿಂದ ಅವಳ ಅಂಗಾಲಿಗೆ ಬರುತ್ತಿತ್ತು. ಅವಳ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು, ಬಿಸಿಲಿಗೆ ಬೈದಳು.

ನೀಲಿ ಪಟ್ಟಿ ತೆವಳತೊಡಗಿತು. ಅತ್ತೆ ಸೊಸೆ ಇಬ್ಬರೂ ಅದನ್ನೇ ನೋಡುತ್ತ ಕೂತರು. ತಗಡು ಚಟಚಟ ಅನ್ನುತ್ತಿತ್ತು. ಪಟ್ಟಿ ಅರ್ಧ ದಾಟಿದಾಗ ಚೇತನಾ ಉಗುರು ಕಚ್ಚಿದಳು. ಮುಕ್ಕಾಲಿಗೆ ಬಂದಾಗ ಫ್ಯಾನು ಒಂದು ಸಲ ಗೊರ್ ಅಂದಿತು, ಅವಳು ಮೇಜಿನ ಅಂಚು ಹಿಡಿದಳು. ರತ್ನವ್ವ ಅಂಗಾಲನ್ನು ನೆಲಕ್ಕೆ ಒತ್ತಿ, "ಅಂಜಬ್ಯಾಡ, ನಡದೈತಿ, ನಡದೈತಿ," ಅಂದಳು. ಫ್ಯಾನು ಸುಮ್ಮನಾಯಿತು. ಪಟ್ಟಿ ತುದಿ ಮುಟ್ಟಿತು. ಪರದೆಯ ಮೇಲೆ ಸುನಿತಾ, ಬಾಸಿಂಗ ಕಟ್ಟಿಕೊಂಡು, ಗುಲಾಬಿ ಹೂವುಗಳ ನಡುವೆ ತಲೆ ತಗ್ಗಿಸಿ ನಗುತ್ತಿದ್ದಳು.

ಚೇತನಾ ಸೀಡಿಯನ್ನು ಹೊರತೆಗೆದು ಕವರಿನಲ್ಲಿ ಹಾಕಿ, ಚಂದಪ್ಪನಿಗೆ ಕೊಟ್ಟುಬರಲು ಎದ್ದಳು. ಅತ್ತೆಯನ್ನೂ ಎಬ್ಬಿಸಬೇಕೆಂದು ಕೈ ಚಾಚಿ, "ಮುಗೀತ್ರಿ ಅತ್ತಿ, ಏಳ್ರಿ. ಕಾಲ ಹಿಡದಿರತಾವ," ಅಂದಳು.

ರತ್ನವ್ವ ಕಾಲು ತೆಗೆಯಲಿಲ್ಲ. ಕೌದಿಯನ್ನು ಸರಿಮಾಡಿಕೊಂಡು ಇನ್ನಷ್ಟು ಗಟ್ಟಿಯಾಗಿ ಕೂತಳು.

"ಕರೆಂಟ್ ಇನ್ನೂ ಐತಲ್ಲ," ಅಂದಳು. "ಇನ್ನೊಂದ ಮದವಿ ಹಚ್ಚು."